ವೈಮಾನಿಕನ ಮನೋಧರ್ಮ

ಆಕಾಶದಲ್ಲಿ ವಿಮಾನದ ಸದ್ದು ಕೇಳಿದೊಡನೆ ಆಟ ನಿಲ್ಲಿಸಿ ತಲೆಯೆತ್ತಿ ನೋಡದ ಮಕ್ಕಳು ವಿರಳ. ಆ ಬೆಳ್ಳಿಯ ಚುಕ್ಕೆ ಮೋಡದಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತ ಬಾಲಕನೊಬ್ಬನನ್ನು, "ಅದನ್ನು ನಡೆಸುವವನು ಎಂಥವನಿರಬಹುದು, ಹೇಳು ನೋಡೋಣ" ಎಂದು ಕೇಳಿದರೆ ಅವನ ಉತ್ತರ ಸಿದ್ಧವಾಗಿರುತ್ತದೆ. ಎತ್ತರದ ನಿಲುವು, ವಿಶಾಲವಾದ ಭುಜ, ಕಣ್ಣಿಗೆ ಕಪ್ಪು ಕನ್ನಡಕ, ತೋಳಿನ ಮೇಲೆ ಚಿನ್ನದ ಬಣ್ಣದ ಪಟ್ಟಿಗಳು, ಗಂಭೀರವಾದ ಧ್ವನಿ. ಭಯವೆಂಬುದನ್ನೇ ಅರಿಯದವನು, ಯಾರ ನೆರವನ್ನೂ ಬೇಡದವನು, ಎಂದೂ ತಪ್ಪು ಮಾಡದವನು. ಹೀಗೆ ಉತ್ತರ ಹೇಳಿದ ಬಾಲಕ ಒಬ್ಬ ವೈಮಾನಿಕನನ್ನೂ ಕಣ್ಣಾರೆ ಕಂಡಿರಲಾರ. ಆದರೂ ಆ ಚಿತ್ರ ಅವನ ಮನಸ್ಸಿನಲ್ಲಿ ಸ್ಪಷ್ಟವಾಗಿ ಮೂಡಿ ನಿಂತಿದೆ.

ಸಂಕ್ರಾಂತಿಯ ಸಮಯದಲ್ಲಿ ಮನೆಗಳಲ್ಲಿ ಸಕ್ಕರೆ ಅಚ್ಚು ಮಾಡುವುದನ್ನು ನೀವು ನೋಡಿರಬಹುದು. ಮರದ ಅಚ್ಚಿನಲ್ಲಿ ಪಾಕವನ್ನು ಎರೆದರೆ ಆನೆಯ ಅಚ್ಚಿನಿಂದ ಬರುವುದೆಲ್ಲ ಆನೆಯೇ, ಗಿಳಿಯ ಅಚ್ಚಿನಿಂದ ಬರುವುದೆಲ್ಲ ಗಿಳಿಯೇ. ಒಂದಕ್ಕೂ ಮತ್ತೊಂದಕ್ಕೂ ಭೇದವಿಲ್ಲ. ನಮ್ಮ ಮನಸ್ಸಿನಲ್ಲಿಯೂ ಇಂಥ ಅಚ್ಚುಗಳಿವೆ. ಕವಿಯೆಂದರೆ ಜುಬ್ಬ ಮತ್ತು ಹೆಗಲ ಚೀಲ, ಉಪಾಧ್ಯಾಯರೆಂದರೆ ಕೈಯಲ್ಲಿ ಬೆತ್ತ, ವಿಜ್ಞಾನಿಯೆಂದರೆ ಕೆದರಿದ ಕೂದಲು ಮತ್ತು ಮರೆವು. ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಅರಿಯುವ ಶ್ರಮವನ್ನು ಉಳಿಸಿಕೊಳ್ಳಲು ಮನಸ್ಸು ಅವರೆಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರೆದುಬಿಡುತ್ತದೆ. ಇಂಥ ರೂಢಿಯ ಚಿತ್ರಗಳಿಗೆ ಇಂಗ್ಲಿಷಿನಲ್ಲಿ ಬಳಸುವ 'ಸ್ಟೀರಿಯೊಟೈಪ್' ಎಂಬ ಮಾತು ಮುದ್ರಣಾಲಯದಿಂದಲೇ ಬಂದದ್ದು. ಒಂದೇ ಪುಟವನ್ನು ಮತ್ತೆ ಮತ್ತೆ ಅಚ್ಚು ಹಾಕಲು ಎರಕಹೊಯ್ದ ಲೋಹದ ಫಲಕಕ್ಕೆ ಆ ಹೆಸರಿತ್ತು. 1922ರಲ್ಲಿ ವಾಲ್ಟರ್ ಲಿಪ್‌ಮನ್ ಎಂಬ ಅಮೆರಿಕದ ಪತ್ರಕರ್ತ ಅದನ್ನು ಮನಸ್ಸಿನೊಳಗಣ ಸಿದ್ಧಚಿತ್ರಗಳಿಗೆ ಅನ್ವಯಿಸಿದ.

ವೈಮಾನಿಕನನ್ನು ಕುರಿತ ನಮ್ಮ ಚಿತ್ರವೂ ಇಂಥದೊಂದು ಅಚ್ಚು. ಅದರಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು? ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಈ ಚಿತ್ರವನ್ನು ನಾವು ನಂಬಿದರೆ ಹೆಚ್ಚಿನ ಹಾನಿಯಿಲ್ಲ. ವೈಮಾನಿಕರೇ ಅದನ್ನು ನಂಬಿಬಿಟ್ಟರೆ ಜೀವಗಳಿಗೆ ಅಪಾಯ ಉಂಟು ಎಂಬುದನ್ನು ಚರಿತ್ರೆ ಕಹಿಯಾಗಿ ಕಲಿಸಿದೆ.

ಮೊದಲು ಈ ಚಿತ್ರ ಎಲ್ಲಿಂದ ಬಂತೆಂಬುದನ್ನು ನೋಡೋಣ. ವಿಮಾನಯಾನದ ಮೊದಲ ದಿನಗಳಲ್ಲಿ ವೈಮಾನಿಕನಾಗುವುದೆಂದರೆ ಪ್ರಾಣವನ್ನು ಪಣಕ್ಕೆ ಒಡ್ಡುವುದೇ ಆಗಿತ್ತು. ಟಪಾಲಿನ ಚೀಲಗಳನ್ನು ಹೊತ್ತು ಬಿರುಗಾಳಿಯಲ್ಲಿ, ಕತ್ತಲೆಯಲ್ಲಿ, ಒಂದೇ ಎಂಜಿನಿನ ಪುಟ್ಟ ವಿಮಾನಗಳಲ್ಲಿ ಅವರು ಒಂಟಿಯಾಗಿ ಹಾರುತ್ತಿದ್ದರು. ಹೀಗೆ ಟಪಾಲು ಸಾಗಿಸುತ್ತಿದ್ದ ಚಾರ್ಲ್ಸ್ ಲಿಂಡ್‌ಬರ್ಗ್ ಎಂಬ ತರುಣ 1927ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಮೂವತ್ತಮೂರೂವರೆ ಗಂಟೆಗಳ ಕಾಲ ನಿದ್ರೆಯಿಲ್ಲದೆ, ಜೊತೆಗಾರರಿಲ್ಲದೆ ಹಾರಿ ಜಗತ್ತಿನ ಕಣ್ಮಣಿಯಾದ. ಆಗ ಅವನಿಗೆ ಇಪ್ಪತ್ತೈದು ವರ್ಷ. ಫ್ರಾನ್ಸಿನ ಟಪಾಲು ವೈಮಾನಿಕ ಸೇಂಟ್ ಎಕ್ಸೂಪರಿ ತನ್ನ ಅನುಭವಗಳನ್ನು ಮನೋಹರವಾದ ಗ್ರಂಥಗಳಲ್ಲಿ ಬರೆದಿಟ್ಟು, 1944ರಲ್ಲಿ ಯುದ್ಧಕಾಲದ ಹಾರಾಟವೊಂದರಿಂದ ಹಿಂದಿರುಗದೆ ಕಣ್ಮರೆಯಾದ. ನಮ್ಮ ದೇಶದಲ್ಲಿ ಜೆ. ಆರ್. ಡಿ. ಟಾಟಾ ಅವರು 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಟಪಾಲು ವಿಮಾನವನ್ನು ತಾವೇ ನಡೆಸಿ ತಂದರು. ಅಲ್ಲಿಂದ ಮುಂದೆ ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್ ಆ ಟಪಾಲನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಇಂಥ ಏಕಾಂಗಿ ಸಾಹಸಗಳಿಂದಲೇ 'ನಿರ್ಭೀತ ವೈಮಾನಿಕ'ನ ಚಿತ್ರ ಮೊದಲು ಮೂಡಿತು.

ಈ ಚಿತ್ರಕ್ಕೆ ಉಡುಪು ತೊಡಿಸಿದುದು ಹಡಗು. 1930ರ ದಶಕದಲ್ಲಿ ಜನ ವಿಮಾನವೇರಲು ಅಂಜುತ್ತಿದ್ದರು. ಚರ್ಮದ ಅಂಗಿ ತೊಟ್ಟು ಎಣ್ಣೆಯ ಕಲೆ ಮೆತ್ತಿಕೊಂಡ ಸಾಹಸಿಯ ಕೈಗೆ ತಮ್ಮ ಪ್ರಾಣವನ್ನು ಒಪ್ಪಿಸಲು ಅವರಿಗೆ ಮನಸ್ಸಾಗುತ್ತಿರಲಿಲ್ಲ. ಆಗ ಅಮೆರಿಕದ ಪ್ಯಾನ್ ಅಮೆರಿಕನ್ ಸಂಸ್ಥೆ ಸಮುದ್ರದ ಮೇಲಿಳಿಯುವ ತನ್ನ ದೊಡ್ಡ ವಿಮಾನಗಳ ಚಾಲಕರಿಗೆ ನೌಕಾಧಿಕಾರಿಗಳ ಮಾದರಿಯ ಸಮವಸ್ತ್ರವನ್ನು ತೊಡಿಸಿತು. 'ಕ್ಯಾಪ್ಟನ್' ಎಂಬ ಪದವಿ, ತೋಳಿನ ಪಟ್ಟಿಗಳು, ತಲೆಯ ಟೋಪಿ ಎಲ್ಲವೂ ಹಡಗಿನಿಂದ ವಿಮಾನಕ್ಕೆ ಬಂದವು. ಇಂದಿಗೂ ನಾಲ್ಕು ಪಟ್ಟಿಗಳನ್ನು ಧರಿಸಿದವರು ಕ್ಯಾಪ್ಟನ್, ಅಂದರೆ ಮುಖ್ಯ ಚಾಲಕರು. ಮೂರು ಪಟ್ಟಿಗಳವರು ಸಾಮಾನ್ಯವಾಗಿ ಅವರ ಸಹಚಾಲಕರು. ಉಡುಪಿನೊಡನೆ ಹಡಗಿನ ಮತ್ತೊಂದು ಸಂಪ್ರದಾಯವೂ ಬಂತು. ನಾವಿಕರಲ್ಲಿ ಕಪ್ತಾನನ ಮಾತಿಗೆ ಎದುರುಮಾತಿಲ್ಲ. ಈ ಸಂಗತಿಯನ್ನು ನೆನಪಿನಲ್ಲಿಡಿ.

ಇನ್ನು ಆ ಗಂಭೀರವಾದ ಧ್ವನಿ. ವಿಮಾನ ಎಷ್ಟೇ ತೊಯ್ದಾಡಲಿ, ಧ್ವನಿವರ್ಧಕದಲ್ಲಿ ಮಾತನಾಡುವ ಚಾಲಕರ ಸ್ವರ ಮಾತ್ರ ಅಲುಗುವುದಿಲ್ಲ. ಟಾಮ್ ವುಲ್ಫ್ ಎಂಬ ಅಮೆರಿಕದ ಲೇಖಕ 1979ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದರ ಮೂಲವನ್ನು ಸ್ವಾರಸ್ಯವಾಗಿ ಊಹಿಸಿದ್ದಾನೆ. 1947ರ ಅಕ್ಟೋಬರ್ 14ರಂದು ಮೊತ್ತಮೊದಲಿಗೆ ಶಬ್ದದ ವೇಗವನ್ನು ಮೀರಿ ಹಾರಿದ ಚಕ್ ಯೇಗರ್ ವೆಸ್ಟ್ ವರ್ಜೀನಿಯದ ಗುಡ್ಡಗಾಡಿನವನು. ತನ್ನ ಸೀಮೆಯ ಜನರಂತೆ ನಿಧಾನವಾಗಿ ಎಳೆದೆಳೆದು ಮಾತನಾಡುವುದು ಅವನ ರೂಢಿ. ಅವನನ್ನು ಕಂಡು ಇತರ ಪರೀಕ್ಷಾ ವೈಮಾನಿಕರು ಹಾಗೆಯೇ ಮಾತನಾಡತೊಡಗಿದರು. ಅವರಿಂದ ಅದು ಪ್ರಯಾಣಿಕ ವಿಮಾನಗಳ ಚಾಲಕರಿಗೂ ಹಬ್ಬಿತು ಎಂಬುದು ವುಲ್ಫನ ಮಾತು. ಧೀರನಾಗಿರುವುದಷ್ಟೇ ಸಾಲದು, ಧೀರನಂತೆ ಕೇಳಿಸಬೇಕು ಎಂಬ ಆಸೆ ವೈಮಾನಿಕರಲ್ಲಿಯೂ ಇದ್ದಿತೆಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಈ ಚಿತ್ರ ಪೂರ್ತಿಯಾಗಿ ಸುಳ್ಳೇ? ಹಾಗೆನ್ನಲಾಗದು. ವೈಮಾನಿಕರ ವ್ಯಕ್ತಿತ್ವವನ್ನು ಕುರಿತು ಮನಶ್ಶಾಸ್ತ್ರಜ್ಞರು ಹಲವು ಅಧ್ಯಯನಗಳನ್ನು ನಡೆಸಿದ್ದಾರೆ. ಅವುಗಳಲ್ಲಿ ಎರಡು ಗುಣಗಳು ಮತ್ತೆ ಮತ್ತೆ ಎದ್ದು ಕಂಡಿವೆ. ಸಾಮಾನ್ಯ ಜನರೊಡನೆ ಹೋಲಿಸಿದರೆ ವೈಮಾನಿಕರಲ್ಲಿ ಉದ್ವೇಗ ಮತ್ತು ಆತಂಕಗಳು ಸರಾಸರಿಯಲ್ಲಿ ಕಡಮೆ. ಹಿಡಿದ ಕೆಲಸವನ್ನು ಕ್ರಮವಾಗಿ, ಅಚ್ಚುಕಟ್ಟಾಗಿ ಮುಗಿಸುವ ಶ್ರದ್ಧೆ ಹೆಚ್ಚು. ಇದಕ್ಕೆ ಕಾರಣವೂ ಉಂಟು. ಭಾರತದಲ್ಲಿ ವಾಣಿಜ್ಯ ವೈಮಾನಿಕನ ಪರವಾನಗಿ ಪಡೆಯಲು ಕನಿಷ್ಠ 200 ಗಂಟೆಗಳ ಹಾರಾಟದ ಅನುಭವ ಬೇಕು. ಪ್ರಯಾಣಿಕ ವಿಮಾನದ ಮುಖ್ಯ ಚಾಲಕರಾಗಲು ಬೇಕಾದ ಪರವಾನಗಿಗೆ 1,500 ಗಂಟೆಗಳ ಅನುಭವ ಬೇಕು. ಉದ್ಯೋಗ ದೊರೆತ ಮೇಲೂ ಪರೀಕ್ಷೆಗಳು ಮುಗಿಯುವುದಿಲ್ಲ. ಕಲಿಕೆಗಾಗಿ ನಿರ್ಮಿಸಿದ ಕೃತಕ ವಿಮಾನದಲ್ಲಿ ಅವರನ್ನು ಕೂರಿಸಿ, ಎಂಜಿನ್ ಕೆಟ್ಟಂತೆ, ಬೆಂಕಿ ಹತ್ತಿದಂತೆ ಮಾಡಿ ಅವರ ಕೌಶಲವನ್ನು ಪದೇಪದೇ ಪರೀಕ್ಷಿಸಲಾಗುತ್ತದೆ. ದೇಹಾರೋಗ್ಯದ ತಪಾಸಣೆಯೂ ಕಾಲಕಾಲಕ್ಕೆ ನಡೆಯುತ್ತದೆ. ಈ ಕ್ಷೇತ್ರದಲ್ಲಿ ಹೆಸರಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಇಷ್ಟೆಲ್ಲ ಜರಡಿಗಳನ್ನು ದಾಟಿ ಬಂದವರಲ್ಲಿ ಸ್ಥೈರ್ಯವೂ ಶ್ರದ್ಧೆಯೂ ಇರುವುದು ಸಹಜವೇ.

ಆದರೆ ಇದು ಸರಾಸರಿಯ ಮಾತು. ವೈಮಾನಿಕರಲ್ಲಿ ಮಾತಾಳಿಗಳುಂಟು, ಮೌನಿಗಳುಂಟು. ಹಾಸ್ಯಪ್ರಿಯರುಂಟು, ಸಂಕೋಚ ಸ್ವಭಾವದವರುಂಟು. ಒಬ್ಬರಂತೆ ಮತ್ತೊಬ್ಬರಿಲ್ಲ. ಮೇಲಾಗಿ, ಅಧ್ಯಯನಗಳಲ್ಲಿ ಕಂಡ ಸ್ಥೈರ್ಯವೇ ಬೇರೆ, ನಾವು ಕಲ್ಪಿಸಿಕೊಳ್ಳುವ ಎದೆಗಾರಿಕೆಯೇ ಬೇರೆ. ಅಪಾಯವನ್ನು ಹುಡುಕಿಕೊಂಡು ಹೋಗುವುದು ಸಾಹಸಿಯ ಗುಣ. ಅಪಾಯ ಬಾರದಂತೆ ಮೊದಲೇ ನೋಡಿಕೊಳ್ಳುವುದು ಒಳ್ಳೆಯ ವೈಮಾನಿಕನ ಗುಣ. ಸಾಹಸಿಯೆಂದು ಕೀರ್ತಿ ಪಡೆದ ಟಾಟಾ ಅವರು ತಮ್ಮ ವಿಮಾನ ಸಂಸ್ಥೆಯಲ್ಲಿ ಪ್ರಯಾಣ ಮಾಡುವಾಗ ಕಣ್ಣಿಗೆ ಬಿದ್ದ ಸಣ್ಣಪುಟ್ಟ ಕೊರತೆಗಳನ್ನು ಸಹ ಬರೆದಿಟ್ಟುಕೊಂಡು ತಿದ್ದಿಸುತ್ತಿದ್ದರು. ಚಿಕ್ಕ ದೋಷವನ್ನೂ ಅಲಕ್ಷಿಸದ ಈ ಗುಣವೇ ವಿಮಾನಯಾನದ ಜೀವಾಳ.

ಇದಕ್ಕೊಂದು ನಿದರ್ಶನವನ್ನು ನೋಡಬಹುದು. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡ್ ಎಂಬಲ್ಲಿ ಬೋಯಿಂಗ್ ಸಂಸ್ಥೆಯ ಹೊಸ ಬಾಂಬರ್ ವಿಮಾನವೊಂದು ನೆಲಬಿಟ್ಟು ಮೇಲೇರಿದ ಸ್ವಲ್ಪದರಲ್ಲಿಯೇ ಉರುಳಿಬಿದ್ದು ಉರಿದುಹೋಯಿತು. ಅದನ್ನು ನಡೆಸುತ್ತಿದ್ದವರು ನುರಿತ ಪರೀಕ್ಷಾ ವೈಮಾನಿಕರು. ನೆಲದ ಮೇಲೆ ನಿಂತಿರುವಾಗ ವಿಮಾನದ ಬಾಲದ ಚಲಿಸುವ ಭಾಗಗಳು ಗಾಳಿಗೆ ಅಲುಗದಂತೆ ಹಾಕಿದ್ದ ಬೀಗವನ್ನು ಅವರು ತೆಗೆಯಲು ಮರೆತಿದ್ದರು. ಈ ದುರಂತದ ತರುವಾಯ 'ಇನ್ನೂ ಹೆಚ್ಚು ಧೈರ್ಯಶಾಲಿಗಳನ್ನು ಹುಡುಕೋಣ' ಎಂದು ಯಾರೂ ಹೇಳಲಿಲ್ಲ. ಹಾರುವ ಮೊದಲು ಮಾಡಬೇಕಾದ ಕೆಲಸಗಳನ್ನು ಒಂದು ಪಟ್ಟಿಯಲ್ಲಿ ಬರೆದು, ಒಂದೊಂದನ್ನೂ ಓದಿ ಪರೀಕ್ಷಿಸುವ ಪದ್ಧತಿಯನ್ನು ತಂದರು. ಇಂದು ಸಾವಿರಾರು ಗಂಟೆ ಹಾರಿದ ಕ್ಯಾಪ್ಟನ್ ಸಹ ಪ್ರತಿಯೊಂದು ಹಾರಾಟದಲ್ಲಿಯೂ ಆ ಪಟ್ಟಿಯನ್ನು ಅನುಸರಿಸಲೇಬೇಕು. ತನ್ನ ನೆನಪನ್ನು ತಾನೇ ಪೂರ್ತಿಯಾಗಿ ನಂಬದಿರುವುದು ಅವರ ಮೊದಲ ಪಾಠ.

ರೂಢಿಯ ಚಿತ್ರದಲ್ಲಿ ಇನ್ನೂ ಕೆಲವು ತಪ್ಪುಗಳಿವೆ. ಕನ್ನಡಕ ಧರಿಸುವವರು ವೈಮಾನಿಕರಾಗಲಾರರು ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಉಂಟು. ಕನ್ನಡಕದ ನೆರವಿನಿಂದ ನಿಗದಿಯಾದ ಮಟ್ಟದ ದೃಷ್ಟಿ ದೊರೆಯುವುದಾದರೆ ಪ್ರಯಾಣಿಕ ವಿಮಾನ ನಡೆಸಲು ಅಡ್ಡಿಯಿಲ್ಲ. ಅಂಥವರು ಇನ್ನೊಂದು ಕನ್ನಡಕವನ್ನೂ ಜೊತೆಯಲ್ಲಿ ಇಟ್ಟುಕೊಳ್ಳಬೇಕು, ಅಷ್ಟೆ. ವೈಮಾನಿಕರ ಬಾಳು ಸುಖವಾದ ದೇಶಸಂಚಾರ ಎಂಬುದು ಮತ್ತೊಂದು ಕಲ್ಪನೆ. ಊರೆಲ್ಲ ಮಲಗಿರುವಾಗ ಎಚ್ಚರವಾಗಿರುವುದು, ಹಬ್ಬದ ದಿನ ಮನೆಯಿಂದ ದೂರವಿರುವುದು, ಹಗಲಿರುಳುಗಳ ಕ್ರಮ ತಪ್ಪಿ ನಿದ್ರೆಗೆಡುವುದು ಅವರಿಗೆ ಸಾಮಾನ್ಯ. 'ವಿಮಾನ ತಾನಾಗಿಯೇ ಹಾರುತ್ತದೆ, ಚಾಲಕರಿಗೆ ಕೆಲಸವೇನು?' ಎಂದು ಮೂಗುಮುರಿಯುವವರೂ ಇದ್ದಾರೆ. ಸ್ವಯಂಚಾಲಕ ಯಂತ್ರ ವಿಮಾನವನ್ನು ಹೇಳಿದ ದಿಕ್ಕಿನಲ್ಲಿ, ಹೇಳಿದ ಎತ್ತರದಲ್ಲಿ ನಡೆಸುವುದು ನಿಜ. ಆದರೆ ಯಾವ ದಿಕ್ಕು, ಯಾವ ಎತ್ತರ, ಮುಂದಿರುವ ಮೋಡವನ್ನು ಬಳಸಿಹೋಗುವುದೋ ಹಿಂದಿರುಗುವುದೋ ಎಂಬುದನ್ನು ನಿರ್ಧರಿಸುವವರು ಚಾಲಕರೇ.

ವೈಮಾನಿಕನೆಂದರೆ ಗಂಡಸೇ ಆಗಿರಬೇಕು ಎಂಬ ಭಾವನೆಯೂ ಬಹುಕಾಲ ಬೇರೂರಿತ್ತು. ಈ ಅಚ್ಚನ್ನು ಮುರಿಯುವುದರಲ್ಲಿ ಭಾರತದ ಮಹಿಳೆಯರ ಪಾತ್ರ ದೊಡ್ಡದು. 1966ರಲ್ಲಿ ದುರ್ಬಾ ಬ್ಯಾನರ್ಜಿ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯ ವೈಮಾನಿಕರಾದರು. 1985ರಲ್ಲಿ ಕ್ಯಾಪ್ಟನ್ ಸೌದಾಮಿನಿ ದೇಶ್‌ಮುಖ್ ಅವರ ನೇತೃತ್ವದಲ್ಲಿ ಮಹಿಳೆಯರೇ ಇದ್ದ ಸಿಬ್ಬಂದಿ ಕಲ್ಕತ್ತದಿಂದ ಸಿಲ್ಚಾರಿಗೆ ಪ್ರಯಾಣಿಕ ವಿಮಾನವನ್ನು ನಡೆಸಿತು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಮೂವರು ಸಹವೈಮಾನಿಕೆಯರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾದು, ಎಲ್ಲಿಯೂ ಇಳಿಯದೆ ಬೆಂಗಳೂರನ್ನು ತಲುಪಿದರು. ಸುಮಾರು 16,000 ಕಿಲೋಮೀಟರುಗಳ ಪ್ರಯಾಣವದು. ವೈಮಾನಿಕರಲ್ಲಿ ಮಹಿಳೆಯರ ಪ್ರಮಾಣ ಭಾರತದಲ್ಲಿ ಜಗತ್ತಿನ ಸರಾಸರಿಯ ಎರಡರಷ್ಟಕ್ಕೂ ಹೆಚ್ಚು ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

ಇಷ್ಟರವರೆಗೆ ನೋಡಿದ ತಪ್ಪು ಕಲ್ಪನೆಗಳಿಂದ ಯಾರ ಪ್ರಾಣವೂ ಹೋಗಲಾರದು. 'ವೈಮಾನಿಕ ಎಂದೂ ತಪ್ಪು ಮಾಡುವುದಿಲ್ಲ, ಅವನನ್ನು ಪ್ರಶ್ನಿಸಬಾರದು' ಎಂಬ ಕಲ್ಪನೆ ಮಾತ್ರ ಹಾಗಲ್ಲ. 1977ರ ಮಾರ್ಚ್ 27ರಂದು ಅಟ್ಲಾಂಟಿಕ್ ಸಾಗರದ ಟೆನೆರೀಫ್ ದ್ವೀಪದಲ್ಲಿ ನಡೆದ ದುರಂತ ಇದಕ್ಕೆ ಸಾಕ್ಷಿ. ನೆರೆಯ ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಅನೇಕ ವಿಮಾನಗಳು ಟೆನೆರೀಫಿನ ಚಿಕ್ಕ ನಿಲ್ದಾಣದಲ್ಲಿ ಬಂದಿಳಿದಿದ್ದವು. ಮಂಜು ದಟ್ಟವಾಗಿ ಕವಿದಿತ್ತು. ಹಾಲೆಂಡಿನ ಬೋಯಿಂಗ್ 747 ವಿಮಾನವೊಂದು ಓಡುದಾರಿಯ ತುದಿಯಲ್ಲಿ ಹೊರಡಲು ನಿಂತಿತ್ತು. ಅಮೆರಿಕದ ಮತ್ತೊಂದು 747 ಅದೇ ಓಡುದಾರಿಯ ಮೇಲೆ ಎದುರಿನಿಂದ ಬರುತ್ತಿತ್ತು. ಮಂಜಿನಲ್ಲಿ ಒಂದಕ್ಕೊಂದು ಕಾಣುವಂತಿರಲಿಲ್ಲ.

ಹಾಲೆಂಡಿನ ವಿಮಾನದ ಕ್ಯಾಪ್ಟನ್ ಆ ಸಂಸ್ಥೆಯ ಅತ್ಯಂತ ಗೌರವಾನ್ವಿತ ವೈಮಾನಿಕರಲ್ಲಿ ಒಬ್ಬರು. ಇತರ ಚಾಲಕರಿಗೆ ಕಲಿಸುವ ಗುರುಗಳು. ಸಂಸ್ಥೆಯ ಜಾಹೀರಾತಿನಲ್ಲಿಯೂ ಅವರದೇ ಭಾವಚಿತ್ರವಿತ್ತು. ಪಕ್ಕದಲ್ಲಿದ್ದ ಸಹಚಾಲಕರು ಸುಮಾರು ಎರಡು ತಿಂಗಳ ಹಿಂದೆ ಅವರಿಂದಲೇ ಪರೀಕ್ಷಿಸಲ್ಪಟ್ಟು ಆ ವಿಮಾನವನ್ನು ನಡೆಸುವ ಅರ್ಹತೆ ಪಡೆದವರು. ಹೊತ್ತು ಮೀರುತ್ತಿತ್ತು, ಕ್ಯಾಪ್ಟನ್ನರಿಗೆ ಹೊರಡುವ ಅವಸರ. ನಿಯಂತ್ರಣ ಗೋಪುರದಿಂದ ಮೇಲೇರುವ ಅನುಮತಿ ಬರುವ ಮೊದಲೇ ಅವರು ವಿಮಾನವನ್ನು ಓಡಿಸತೊಡಗಿದರು. ಹಿಂದೆ ಕುಳಿತಿದ್ದ ಫ್ಲೈಟ್ ಎಂಜಿನಿಯರ್ ಆಕಾಶವಾಣಿಯ ಸಂಭಾಷಣೆಯನ್ನು ಕೇಳಿ, ಎದುರಿನ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಸಂದೇಹದಿಂದ ಪ್ರಶ್ನಿಸಿದರು. ಬಿಟ್ಟಿದೆಯೆಂದು ಕ್ಯಾಪ್ಟನ್ ಖಚಿತವಾಗಿ ನುಡಿದರು. ಅಂಥ ಹಿರಿಯರು ಅಷ್ಟು ಖಚಿತವಾಗಿ ಹೇಳಿದ ಮೇಲೆ ಮತ್ತೆ ಪ್ರಶ್ನಿಸಲು ಯಾರಿಗೂ ಬಾಯಿ ಬರಲಿಲ್ಲ. ಕೆಲವು ಕ್ಷಣಗಳಲ್ಲಿ ಎರಡು ವಿಮಾನಗಳೂ ಡಿಕ್ಕಿ ಹೊಡೆದವು. 583 ಜನ ಮಡಿದರು. ಮಂಜು, ಇಕ್ಕಟ್ಟಾದ ನಿಲ್ದಾಣ, ಅಸ್ಪಷ್ಟವಾದ ರೇಡಿಯೊ ಮಾತು ಇವೆಲ್ಲವೂ ಕಾರಣಗಳೇ. ಆದರೆ ಅಷ್ಟೆಲ್ಲದರ ನಡುವೆಯೂ ದುರಂತವನ್ನು ತಡೆಯಬಹುದಾಗಿದ್ದ ಒಂದು ಪ್ರಶ್ನೆ ಎದ್ದಿತ್ತು. ಅದು ಅರ್ಧದಲ್ಲಿಯೇ ಅಡಗಿತು.

ಮರುವರ್ಷ, 1978ರ ಡಿಸೆಂಬರ್ 28ರಂದು, ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಬಳಿ ಇಂಥದೇ ಇನ್ನೊಂದು ಘಟನೆ ನಡೆಯಿತು. ವಿಮಾನದ ಚಕ್ರಗಳು ಸರಿಯಾಗಿ ಕೆಳಗಿಳಿದಿವೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಕ್ಯಾಪ್ಟನ್ ಸುಮಾರು ಒಂದು ಗಂಟೆಯ ಕಾಲ ಆಕಾಶದಲ್ಲಿಯೇ ಸುತ್ತುತ್ತಿದ್ದರು. ಇಂಧನ ತೀರುತ್ತ ಬಂದುದನ್ನು ಸಂಗಡಿಗರು ಕಂಡಿದ್ದರು. ಆದರೆ ಗಟ್ಟಿಯಾಗಿ ಎಚ್ಚರಿಸುವ ಬದಲು ಮೆಲುದನಿಯಲ್ಲಿ ಸೂಚಿಸುತ್ತಿದ್ದರು. ಕೊನೆಗೆ ಎಂಜಿನುಗಳು ಒಂದೊಂದಾಗಿ ನಿಂತು ವಿಮಾನ ಕೆಳಗಿಳಿಯಿತು. 189 ಜನರಲ್ಲಿ 10 ಜನ ಸತ್ತರು. ಕ್ಯಾಪ್ಟನ್ನರಿಗೆ ಕೌಶಲ ಕಡಮೆಯಿರಲಿಲ್ಲ; ಸಂಗಡಿಗರಿಗೆ ತಿಳಿವು ಕಡಮೆಯಿರಲಿಲ್ಲ. ತಿಳಿದವರ ಮಾತು ನಡೆಸುವವರ ಕಿವಿಗೆ ಮುಟ್ಟಿರಲಿಲ್ಲ, ಅಷ್ಟೆ.

'ಆನೆ ನಡೆದದ್ದೇ ದಾರಿ' ಎಂಬ ಗಾದೆ ನಮ್ಮಲ್ಲಿದೆ. ವಿಮಾನದಲ್ಲಿ ಆ ಗಾದೆ ನಡೆಯದೆಂಬುದು ಈ ದುರಂತಗಳಿಂದ ಸ್ಪಷ್ಟವಾಯಿತು. 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಈ ವಿಷಯವನ್ನು ಕುರಿತು ತಜ್ಞರ ವಿಚಾರಗೋಷ್ಠಿಯೊಂದನ್ನು ನಡೆಸಿತು. ಅಲ್ಲಿಂದ ಬೆಳೆದುಬಂದ ಶಿಕ್ಷಣವನ್ನು ಇಂದು ನಮ್ಮ ದೇಶವೂ ಸೇರಿದಂತೆ ಜಗತ್ತಿನ ವಿಮಾನ ಸಂಸ್ಥೆಗಳಲ್ಲಿ ವೈಮಾನಿಕರೆಲ್ಲರಿಗೂ ಕಡ್ಡಾಯವಾಗಿ ಕೊಡುತ್ತಾರೆ. ಅದರ ಸಾರ ಸರಳವಾದುದು. ಕ್ಯಾಪ್ಟನ್ ಸಂಗಡಿಗರ ಅಭಿಪ್ರಾಯವನ್ನು ಕೇಳಬೇಕು. ಕಿರಿಯರು ಕಂಡ ತಪ್ಪನ್ನು ಗೌರವದಿಂದ, ಆದರೆ ಸ್ಪಷ್ಟವಾಗಿ ಹೇಳಬೇಕು. ಕೇಳದಿದ್ದರೆ ಮತ್ತೆ ಹೇಳಬೇಕು. ಕೊನೆಯ ನಿರ್ಧಾರ ಕ್ಯಾಪ್ಟನ್ನರದೇ. ಆದರೆ ಆ ನಿರ್ಧಾರಕ್ಕೆ ಬೇಕಾದ ಕಣ್ಣು ಕಿವಿಗಳು ಎಲ್ಲರವೂ ಹೌದು. ಟೆಕ್ಸಾಸ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೆಲ್ಮ್‌ರೈಕ್ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನಗಳೂ ಇದನ್ನೇ ಸಾರಿದವು: ಕೆಲಸದಲ್ಲಿ ನಿಪುಣತೆಯ ಜೊತೆಗೆ ಸಹೋದ್ಯೋಗಿಗಳಲ್ಲಿ ಆದರವುಳ್ಳವರೇ ಉತ್ತಮ ಕ್ಯಾಪ್ಟನ್ನರು.

ಅಮೆರಿಕದ ವಿಮಾನಯಾನ ಆಡಳಿತದವರು ವೈಮಾನಿಕರಿಗೆ ಅಪಾಯಕಾರಿಯಾದ ಐದು ಮನೋಭಾವಗಳನ್ನು ಗುರುತಿಸಿದ್ದಾರೆ. ನಿಯಮಗಳನ್ನು ತಿರಸ್ಕರಿಸುವ ಉದ್ಧಟತನ ಮೊದಲನೆಯದು. ಯೋಚಿಸದೆ ಕೈಹಾಕುವ ದುಡುಕು ಎರಡನೆಯದು. 'ನನಗೇನೂ ಆಗದು' ಎಂಬ ಭ್ರಮೆ ಮೂರನೆಯದು. 'ನಾನು ಎಂಥವನೆಂದು ತೋರಿಸುತ್ತೇನೆ' ಎಂಬ ಜಂಬ ನಾಲ್ಕನೆಯದು. 'ನನ್ನಿಂದ ಏನಾದೀತು' ಎಂದು ಕೈಚೆಲ್ಲುವುದು ಐದನೆಯದು. ಕುತೂಹಲದಿಂದ ಗಮನಿಸಿದರೆ, ಇವುಗಳಲ್ಲಿ ಮೊದಲ ನಾಲ್ಕೂ ಕಥೆಗಳ ಮತ್ತು ಚಲನಚಿತ್ರಗಳ ವೀರ ವೈಮಾನಿಕನ ಗುಣಗಳೇ ಎಂಬುದು ತಿಳಿಯುತ್ತದೆ. ಯಾವುದನ್ನು ನಾವು ತೆರೆಯ ಮೇಲೆ ಕಂಡು ಚಪ್ಪಾಳೆ ತಟ್ಟುತ್ತೇವೆಯೋ ಅದನ್ನೇ ವೈಮಾನಿಕರ ಶಾಲೆಯಲ್ಲಿ ದೋಷವೆಂದು ಕಲಿಸುತ್ತಾರೆ.

ಹೀಗೆ ಕಲಿಸಿದ ಮೇಲೂ ಹಳೆಯ ಅಚ್ಚು ಸುಲಭವಾಗಿ ಮುರಿಯುವುದಿಲ್ಲ. 2010ರ ಮೇ 22ರ ಬೆಳಗ್ಗೆ ದುಬಾಯಿಯಿಂದ ಬಂದ ವಿಮಾನವೊಂದು ಮಂಗಳೂರಿನ ಬಜ್ಪೆಯ ನಿಲ್ದಾಣದಲ್ಲಿ ಅಪಘಾತಕ್ಕೀಡಾದುದನ್ನು ಕರ್ನಾಟಕ ಮರೆಯಲಾರದು. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ರಚಿಸಿದ ಓಡುದಾರಿಯದು. ಇಳಿಯುವಾಗ ವಿಮಾನ ಇರಬೇಕಾದುದಕ್ಕಿಂತ ಮೇಲಿತ್ತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಸಹಚಾಲಕರು ಮೂರು ಬಾರಿ ಹೇಳಿದ್ದರೆಂದು ತನಿಖೆಯಿಂದ ತಿಳಿದುಬಂತು. ಹಾರಾಟದ ನಡುವೆ ಬಹಳ ಹೊತ್ತು ನಿದ್ರಿಸಿದ್ದ ಕ್ಯಾಪ್ಟನ್ನರಿಗೆ ಆ ಮಂಪರು ಪೂರ್ತಿಯಾಗಿ ಹರಿದಿರಲಿಲ್ಲವೆಂದೂ ತನಿಖೆ ಅಭಿಪ್ರಾಯಪಟ್ಟಿತು. ವಿಮಾನ ಓಡುದಾರಿಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ದಾಟಿದ ಮೇಲೆ ನೆಲ ಮುಟ್ಟಿ, ತುದಿಯನ್ನು ಮೀರಿ ಕಣಿವೆಗೆ ಉರುಳಿತು. 166 ಜನರಲ್ಲಿ ಉಳಿದವರು ಎಂಟು ಮಂದಿ. ದುಡಿಯಲು ಕೊಲ್ಲಿಯ ನಾಡಿಗೆ ಹೋಗಿ ಮನೆಯವರನ್ನು ನೋಡುವ ಆಸೆಯಿಂದ ಹಿಂದಿರುಗುತ್ತಿದ್ದವರು ಅವರಲ್ಲಿ ಬಹಳ ಮಂದಿ. ಎಚ್ಚರಿಕೆಯ ಮಾತು ಆ ಚಾಲಕ ಕೋಣೆಯಲ್ಲಿ ಇತ್ತು. ಅದನ್ನು ಮನ್ನಿಸುವ ಮನಸ್ಸು ಸಕಾಲದಲ್ಲಿ ಒದಗಲಿಲ್ಲ.

ಇದಕ್ಕೆ ಪ್ರತಿಯಾದ ನಿದರ್ಶನಗಳೂ ಇವೆ. 1989ರ ಜುಲೈ 19ರಂದು ಅಮೆರಿಕದಲ್ಲಿ ಹಾರುತ್ತಿದ್ದ ವಿಮಾನವೊಂದರ ಬಾಲದ ಎಂಜಿನ್ ಸಿಡಿದು, ಅದರ ರೆಕ್ಕೆ ಬಾಲಗಳನ್ನು ಚಲಿಸಲು ಬೇಕಾದ ವ್ಯವಸ್ಥೆಯೆಲ್ಲ ಕೆಟ್ಟುಹೋಯಿತು. ಅಂಥ ವಿಮಾನವನ್ನು ನಡೆಸುವುದು ಹೇಗೆಂದು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್ ತಮಗೆ ಎಲ್ಲವೂ ತಿಳಿದಿದೆಯೆಂದು ನಟಿಸಲಿಲ್ಲ. ಪ್ರಯಾಣಿಕರ ನಡುವೆ ಕುಳಿತಿದ್ದ ಡೆನಿಸ್ ಫಿಚ್ ಎಂಬ ಮತ್ತೊಬ್ಬ ವೈಮಾನಿಕರು ನೆರವಾಗಲು ಮುಂದೆ ಬಂದಾಗ ಅವರನ್ನು ಒಳಗೆ ಕರೆಸಿಕೊಂಡರು. ಉಳಿದ ಎರಡು ಎಂಜಿನುಗಳ ವೇಗವನ್ನು ಹೆಚ್ಚುಕಡಮೆ ಮಾಡುತ್ತ, ನಾಲ್ವರೂ ಕೂಡಿ ಯೋಚಿಸುತ್ತ, ಸೂ ಸಿಟಿಯ ನಿಲ್ದಾಣದವರೆಗೆ ಅದನ್ನು ತಂದರು. ನೆಲ ಮುಟ್ಟುವಾಗ ವಿಮಾನ ಒಡೆದುಹೋಯಿತು. ಆದರೂ 296 ಜನರಲ್ಲಿ 184 ಜನ ಬದುಕಿದರು. ಕೂಡಿ ಕೆಲಸ ಮಾಡುವ ಶಿಕ್ಷಣ ದೊರೆಯದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲವೆಂದು ಹೇನ್ಸ್ ಮುಂದೆ ಹೋದಲ್ಲೆಲ್ಲ ಹೇಳಿದರು.

2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳ ಹಿಂಡಿಗೆ ಸಿಕ್ಕಿ ಎರಡು ಎಂಜಿನುಗಳೂ ಶಕ್ತಿಗುಂದಿದ ವಿಮಾನವನ್ನು ಕ್ಯಾಪ್ಟನ್ ಚೆಸ್ಲಿ ಸಲ್ಲನ್‌ಬರ್ಗರ್ ಹಡ್ಸನ್ ನದಿಯ ಮೇಲೆ ಇಳಿಸಿದ ಸುದ್ದಿ ಲೋಕಪ್ರಸಿದ್ಧವಾಗಿದೆ. ಅದನ್ನು ಒಬ್ಬ ವೀರನ ಕಥೆಯಾಗಿಯೇ ಜನ ಹೇಳುತ್ತಾರೆ. ಆದರೆ ಆ ಮೂರೂವರೆ ನಿಮಿಷಗಳಲ್ಲಿ ಸಹಚಾಲಕ ಜೆಫ್ರಿ ಸ್ಕೈಲ್ಸ್ ಎಂಜಿನುಗಳನ್ನು ಮತ್ತೆ ನಡೆಸಲು ಪಟ್ಟಿಯನ್ನು ನೋಡಿ ಒಂದೊಂದೇ ಕ್ರಮವನ್ನು ಕೈಗೊಳ್ಳುತ್ತಿದ್ದರು. ನೀರು ಮುಟ್ಟುವ ಮುನ್ನ, ಬೇರೇನಾದರೂ ಉಪಾಯ ತೋಚುತ್ತದೆಯೇ ಎಂದು ಕ್ಯಾಪ್ಟನ್ ಅವರನ್ನು ಕೇಳಿದರು. ಪ್ರಾಣಾಪಾಯದ ಆ ಗಳಿಗೆಯಲ್ಲಿಯೂ ಕಿರಿಯರ ಅಭಿಪ್ರಾಯವನ್ನು ಕೇಳುವ ವಿನಯ ಅವರಲ್ಲಿತ್ತು. ವಿಮಾನದಲ್ಲಿದ್ದ 155 ಜನರೂ ಉಳಿದರು. ಎಲ್ಲರೂ ಹೊರಗೆ ಹೋದ ಮೇಲೆ, ನೀರು ತುಂಬುತ್ತಿದ್ದ ವಿಮಾನದೊಳಗೆ ಕ್ಯಾಪ್ಟನ್ ಎರಡು ಬಾರಿ ನಡೆದು, ಯಾರೂ ಹಿಂದೆ ಉಳಿದಿಲ್ಲವೆಂದು ನೋಡಿದ ತರುವಾಯವೇ ತಾವು ಹೊರಬಂದರು.

'ಅವನು ಅಲುಗದವನು' ಎಂಬ ಹೊಗಳಿಕೆ ವೈಮಾನಿಕರಿಗೂ ಭಾರವೇ. ದಣಿದಿದ್ದರೂ ದಣಿದಿಲ್ಲವೆನ್ನುವುದು, ಮನಸ್ಸಿಗೆ ಅಸ್ವಸ್ಥತೆಯಿದ್ದರೂ ಮರೆಮಾಚುವುದು ಇದರಿಂದ ಬರುವ ಕೆಡುಕು. 'ಇಂದು ನನ್ನ ಆರೋಗ್ಯ ಸರಿಯಿಲ್ಲ, ನಾನು ಹಾರುವುದಿಲ್ಲ' ಎಂದು ಹೇಳುವುದಕ್ಕೆ, ಬಿರುಗಾಳಿಯೊಳಗೆ ನುಗ್ಗುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಹಾಗೆ ಹೇಳಿದವರನ್ನು ಹೇಡಿಯೆನ್ನದೆ ಗೌರವಿಸುವುದು ಸಮಾಜದ ಕರ್ತವ್ಯ.

ನಿಮ್ಮಲ್ಲಿ ಕೆಲವರು ಮುಂದೆ ಜಕ್ಕೂರಿನ ವೈಮಾನಿಕ ಶಾಲೆಯಲ್ಲಿಯೋ ಬೇರೆಡೆಯಲ್ಲಿಯೋ ಕಲಿತು ವಿಮಾನ ನಡೆಸಬಹುದು. ಹೆಚ್ಚಿನವರು ಬೇರೆ ವೃತ್ತಿಗಳನ್ನು ಹಿಡಿಯುವಿರಿ. ಆಸ್ಪತ್ರೆಯಲ್ಲಿ, ಕಾರ್ಖಾನೆಯಲ್ಲಿ, ಕಚೇರಿಯಲ್ಲಿ, ಎಲ್ಲಿಯೇ ಆಗಲಿ, ಒಂದು ದಿನ ನೀವು ಕಿರಿಯರಾಗಿ ಹಿರಿಯರ ತಪ್ಪನ್ನು ಕಾಣುವಿರಿ. ಇನ್ನೊಂದು ದಿನ ನೀವೇ ಹಿರಿಯರಾಗಿ ಕಿರಿಯರ ಎಚ್ಚರಿಕೆಯನ್ನು ಕೇಳಬೇಕಾಗುವುದು. 'ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ?' ಎಂಬ ಗಾದೆಯನ್ನು ಆಗ ನೆನೆಯಿರಿ. ಎಡವದಿರುವುದೇ ಹಿರಿಮೆಯಲ್ಲ, ಎಡವುವ ಮೊದಲು ಹೇಳುವವರನ್ನು ಬಳಿಯಲ್ಲಿ ಇಟ್ಟುಕೊಳ್ಳುವುದು, ಅವರ ಮಾತಿಗೆ ಕಿವಿಗೊಡುವುದು ಹಿರಿಮೆ. ಮುಂದೆ ಆಕಾಶದಲ್ಲಿ ವಿಮಾನದ ಸದ್ದು ಕೇಳಿದಾಗ, ಅದನ್ನು ನಡೆಸುತ್ತಿರುವುದು ಒಬ್ಬ ನಿರ್ಭೀತ ವೀರನಲ್ಲ, ಒಬ್ಬರ ಕೆಲಸವನ್ನು ಒಬ್ಬರು ನೋಡುತ್ತ, ಒಬ್ಬರ ಮಾತನ್ನು ಒಬ್ಬರು ಕೇಳುತ್ತ ಕುಳಿತಿರುವ ಇಬ್ಬರು ಎಚ್ಚರದ ಮನುಷ್ಯರು ಎಂಬುದನ್ನು ನೆನಪಿಗೆ ತಂದುಕೊಳ್ಳಿರಿ.